ಬಳಸಿದ ಮಿಯಾಟಾ ಕೊಳ್ಳುವ ಮುನ್ನ: ನೀರು ಹರಿಯುವ ದಾರಿಯನ್ನು ಓದುವುದು

ಮಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ, ಟಾಪ್ ಮಡಚಬಹುದಾದ ಕಾರನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಬೇಕೆಂದಿರುವವರಿಗಾಗಿ ಈ ಟಿಪ್ಪಣಿ. ಅಮೆರಿಕದಲ್ಲಿ ಇದನ್ನು ಮಿಯಾಟಾ ಎನ್ನುತ್ತಾರೆ. ಜಪಾನಿನಲ್ಲಿ ಇದರ ಮೊದಲ ತಲೆಮಾರು ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಮಜ್ದಾ ಭಾರತದಲ್ಲಿ ಈ ಕಾರನ್ನು ಮಾರಿಲ್ಲವಾದ್ದರಿಂದ ನಮ್ಮವರಲ್ಲಿ ಹೆಚ್ಚಿನವರು ಇದನ್ನು ಹತ್ತಿರದಿಂದ ಕಾಣುವುದು ಅಮೆರಿಕಕ್ಕೋ ಇಂಗ್ಲೆಂಡಿಗೋ ಬಂದು ನೆಲೆಸಿದ ಮೇಲೆ. ನಾನು ಪೆನ್ಸಿಲ್ವೇನಿಯಾದಲ್ಲಿ 1994ರ ಮಾದರಿಯೊಂದನ್ನು ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ಇನ್ನೊಂದನ್ನು ಕೊಂಡು ಒಂದೇ ವರ್ಷದಲ್ಲಿ ಕಳೆದುಕೊಂಡೆ. ಇಲ್ಲಿ ಬರೆದಿರುವುದರಲ್ಲಿ ಬಹುಪಾಲನ್ನು ಕಲಿಸಿದ್ದು ಆ ಮೊದಲ ಕಾರು. ಓಡಿದ ಮೈಲಿಗಿಂತ ಒಳಗೆ ನಿಂತ ನೀರನ್ನು ಮೊದಲು ನೋಡಬೇಕು ಎಂಬುದೇ ನನ್ನ ಮುಖ್ಯ ಮಾತು.

ಈ ಕಾರು ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಕೊಳ್ಳುವಾಗ ಉಪಯೋಗವಾಗುತ್ತದೆ. ಬ್ರಿಟಿಷರ ಹಗುರವಾದ ತೆರೆದ ಸ್ಪೋರ್ಟ್ಸ್ ಕಾರುಗಳು ಮಾರುಕಟ್ಟೆಯಿಂದ ಮರೆಯಾಗುತ್ತಿದ್ದ ಹೊತ್ತಿನಲ್ಲಿ, 1979ರಲ್ಲಿ, ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತರು ಅಂಥದ್ದೊಂದು ಕಾರನ್ನು ಈಗ ಮಜ್ದಾ ಮಾಡಬೇಕೆಂದು ಆ ಕಂಪನಿಯ ಹಿರಿಯ ಎಂಜಿನಿಯರ್ ಕೆನಿಚಿ ಯಾಮಾಮೊಟೊ ಅವರಿಗೆ ಹೇಳಿದರು. ಹತ್ತು ವರ್ಷಗಳ ನಂತರ, 1989ರ ಫೆಬ್ರುವರಿಯಲ್ಲಿ, ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಕಾರು ಹೊರಬಂತು. ಕುದುರೆ ಮತ್ತು ಸವಾರ ಒಂದೇ ದೇಹವಾಗುವುದು ಎಂಬರ್ಥದ ‘ಜಿನ್ಬಾ ಇತ್ತೈ’ ಎಂಬ ಜಪಾನಿ ಮಾತನ್ನು ವಿನ್ಯಾಸಕಾರರು ಮುಂದಿಟ್ಟುಕೊಂಡಿದ್ದರು. ಸುಮಾರು 960 ಕೆ.ಜಿ. ತೂಕ, ಮುಂದೆ ಎಂಜಿನ್, ಹಿಂಚಕ್ರಗಳಿಗೆ ಬಲ, ನಾಲ್ಕೂ ಮೂಲೆಗೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಏರ್ಪಾಡು) ಎಂಬ ಸರಳ ಸೂತ್ರಕ್ಕೆ ಅವರು ನಿಷ್ಠರಾಗಿ ಉಳಿದರು. 2000ದ ಹೊತ್ತಿಗೆ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದೆಂದು ಗಿನ್ನೆಸ್ ಇದನ್ನು ದಾಖಲಿಸಿತು. 2016ರ ಏಪ್ರಿಲ್‌ನಲ್ಲಿ 10 ಲಕ್ಷನೆಯ ಕಾರು ತಯಾರಾಯಿತು. ಇಷ್ಟೊಂದು ಕಾರುಗಳು ರಸ್ತೆಗಿಳಿದಿರುವುದರಿಂದಲೇ ಇಂದಿಗೂ ಬಿಡಿಭಾಗಗಳು ಸಿಗುತ್ತವೆ, ಕೆಲಸ ಬಲ್ಲ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಹಳೆಯ ಕಾರು ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಆಧಾರ ಬೇರೊಂದಿಲ್ಲ.

ಯಾವ ತಲೆಮಾರು

ನಾಲ್ಕು ತಲೆಮಾರುಗಳಿವೆ, ಅವುಗಳನ್ನು ಎನ್‌ಎ, ಎನ್‌ಬಿ, ಎನ್‌ಸಿ, ಎನ್‌ಡಿ ಎಂದು ಗುರುತಿಸುತ್ತಾರೆ. ಮೇಲೇಳುವ ಹೆಡ್‌ಲೈಟ್ ಇರುವುದು ಎನ್‌ಎ, ಅಂದರೆ 1989ರಿಂದ 1997ರವರೆಗಿನ ಕಾರು. ಇದರಲ್ಲಿ ಮೊದಲು 1.6 ಲೀಟರಿನ, ಅಮೆರಿಕದಲ್ಲಿ 1994ರ ಮಾದರಿಯಿಂದ 1.8 ಲೀಟರಿನ ಎಂಜಿನ್ ಇದೆ. 1998ರಿಂದ 2005ರವರೆಗಿನ ಎನ್‌ಬಿಯಲ್ಲಿ ದೀಪಗಳು ಸ್ಥಿರವಾದವು, ಹಿಂಬದಿಯ ಪ್ಲಾಸ್ಟಿಕ್ ಕಿಟಕಿಯ ಜಾಗಕ್ಕೆ ಗಾಜು ಬಂತು. 2005ರ ಎನ್‌ಸಿ ಸ್ವಲ್ಪ ದೊಡ್ಡದು, ಅಮೆರಿಕದಲ್ಲಿ 2 ಲೀಟರ್ ಎಂಜಿನ್ನಿನದು; ಅದರಲ್ಲಿ ಗುಂಡಿ ಒತ್ತಿದರೆ ಸುಮಾರು 12 ಸೆಕೆಂಡಿನಲ್ಲಿ ಮಡಚಿಕೊಳ್ಳುವ ಗಟ್ಟಿ ಟಾಪ್ ಕೂಡ ಸಿಗುತ್ತದೆ. 2015ರಲ್ಲಿ ಬಂದ ಎನ್‌ಡಿ ಮತ್ತೆ ಹಗುರವಾಯಿತು. ಅಮೆರಿಕದ 2 ಲೀಟರ್ ಎಂಜಿನ್ ಮೊದಲು 155, 2019ರ ಮಾದರಿಯಿಂದ 181 ಅಶ್ವಶಕ್ತಿ ಕೊಡುತ್ತದೆ. ದಿನನಿತ್ಯ ಆಫೀಸಿಗೆ ಓಡಿಸುವವರು ಎನ್‌ಸಿ ಅಥವಾ ಎನ್‌ಡಿಯನ್ನೇ ನೋಡಲಿ ಎಂಬುದು ನನ್ನ ಅಭಿಪ್ರಾಯ. ವಾರಾಂತ್ಯದಲ್ಲಿ ಸ್ವಂತ ಕೈಯಿಂದ ಸ್ಪ್ಯಾನರ್ ಹಿಡಿಯಲು ಮನಸ್ಸಿರುವವರಿಗೆ ಎನ್‌ಎ, ಎನ್‌ಬಿಗಳಷ್ಟು ಒಳ್ಳೆಯ ಪಾಠಶಾಲೆ ಇಲ್ಲ. ಮುಂದಿನ ಮಾತುಗಳು ಮುಖ್ಯವಾಗಿ ಈ ಎರಡಕ್ಕೆ ಸಂಬಂಧಿಸಿದವು.

ನೀರಿನ ದಾರಿ

ಮಡಚುವ ಟಾಪ್ ಇರುವ ಕಾರಿನಲ್ಲಿ ಸ್ವಲ್ಪ ಮಳೆನೀರು ಒಳಕ್ಕೆ ಇಳಿಯುವುದು ಸಹಜವೆಂದು ಒಪ್ಪಿಕೊಂಡೇ, ಆ ನೀರು ಯಾರಿಗೂ ತೊಂದರೆ ಕೊಡದೆ ಹೊರಹೋಗುವಂತೆ ವಿನ್ಯಾಸ ಮಾಡಿರುತ್ತಾರೆ. ಟಾಪ್‌ನ ಹಿಂತುದಿಯಿಂದ ಇಳಿದ ನೀರು ಸೀಟುಗಳ ಹಿಂದಿನ ಪ್ಲಾಸ್ಟಿಕ್ ದೋಣಿಯಲ್ಲಿ ಸೇರಿ, ಎಡಬಲಗಳಿಗೆ ಹರಿದು, ಸೀಟ್‌ಬೆಲ್ಟ್ ಕಂಬಗಳ ಹಿಂದೆ ಒಂದೊಂದು ಬದಿಗೆ ಒಂದರಂತೆ ಇರುವ ತೂತುಗಳೊಳಗೆ ಇಳಿದು, ಹಿಂಚಕ್ರಕ್ಕಿಂತ ತುಸು ಮುಂದೆ ಕಾರಿನ ಅಡಿಯಿಂದ ನೆಲಕ್ಕೆ ಬೀಳುತ್ತದೆ. ಮಲೆನಾಡಿನ ಹೆಂಚಿನ ಮನೆಯ ಸೂರಿನಡಿ ಅಡಿಕೆ ದಂಬೆ ಕಟ್ಟಿ ನೀರನ್ನು ಅಂಗಳದಾಚೆ ಹಾಯಿಸುವುದನ್ನು ಕಂಡವರಿಗೆ ಈ ಏರ್ಪಾಡು ಕೂಡಲೇ ಅರ್ಥವಾಗುತ್ತದೆ. ದಂಬೆಯಲ್ಲಿ ಎಲೆ ತುಂಬಿದರೆ ನೀರು ಗೋಡೆಗೆ ಇಳಿಯುವಂತೆಯೇ, ಇಲ್ಲಿ ತೂತು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಎಂಬ ಪೆಟ್ಟಿಗೆಯಾಕಾರದ ಉಕ್ಕಿನೊಳಗೆ ಸೇರಿ ನಿಲ್ಲುತ್ತದೆ, ಇಲ್ಲವೇ ಕಾರ್ಪೆಟ್ಟಿನಡಿ ಇಂಗುತ್ತದೆ. ಸಿಲ್‌ನಲ್ಲಿ ಒಂದರ ಒಳಗೊಂದು ಪದರಗಳಿರುವುದರಿಂದ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಬಣ್ಣದ ಮೇಲೆ ಕಡಲೆಕಾಳಿನಷ್ಟು ಗುಳ್ಳೆ ಕಾಣುವ ಹೊತ್ತಿಗೆ ಒಳಪದರ ಬಹಳಷ್ಟು ಹೋಗಿರುತ್ತದೆ.

ನನ್ನ ಮೊದಲ ಕಾರಿನ ಕಥೆ ಇದೇ. ಕೆಂಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಓಡಿದ್ದು 62,000 ಮೈಲಿ ಮಾತ್ರ. ಮಾರಿದವರು ಸಿಲ್‌ಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆಸಿದ್ದರೆಂಬುದು ನನಗೆ ತಿಳಿಯಲಿಲ್ಲ. ಮುಂದಿನ ವಸಂತದಲ್ಲಿ ವಾರ್ಷಿಕ ಸುರಕ್ಷತಾ ತಪಾಸಣೆಗೆ ಒಯ್ದಾಗ ಮೆಕ್ಯಾನಿಕ್ ಕಾರನ್ನು ಎತ್ತರಿಸಿ, ಹಿಂಚಕ್ರದ ಮುಂದಿನ ಸಿಲ್ ಮೇಲೆ ಸ್ಕ್ರೂಡ್ರೈವರ್ ತುದಿಯಿಟ್ಟು ಮೆಲ್ಲಗೆ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಕಂದು ನೀರು, ತುಕ್ಕಿನ ಚಕ್ಕೆಗಳು, ಕೊಳೆತು ಕಪ್ಪಾದ ಎಲೆಗಳ ಒಂದು ಹಿಡಿ ನೆಲಕ್ಕೆ ಬಿದ್ದವು. ಅವರು ಏನನ್ನೂ ಹೇಳದೆ ಟಾರ್ಚನ್ನು ನನ್ನ ಕೈಗೆ ಕೊಟ್ಟರು. ಸೀಟ್‌ಬೆಲ್ಟ್ ಬಿಗಿಯುವ ಜಾಗದ ಹತ್ತಿರದವರೆಗೂ ಉಕ್ಕು ಹಪ್ಪಳದಂತಾಗಿತ್ತು. ಎಂಜಿನ್ ಮಾತ್ರ ಕೊನೆಯ ದಿನದವರೆಗೂ ಕೀಲಿ ಒಮ್ಮೆ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ಆ ಸಂಕಟ ಇನ್ನೊಬ್ಬರಿಗೆ ಬಾರದಿರಲಿ ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆದ್ದರಿಂದ ಕಾರು ನೋಡಲು ಹೋಗುವಾಗ ಟಾರ್ಚ್, ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತ ಮತ್ತು ಒಂದು ಬಾಟಲಿ ನೀರು ಜೊತೆಯಲ್ಲಿರಲಿ. ಸಿಲ್‌ನ ಉದ್ದಕ್ಕೂ, ಅದರಲ್ಲೂ ಹಿಂಚಕ್ರದ ಮುಂದಿನ ಒಂದು ಅಡಿಯಲ್ಲಿ, ಅಯಸ್ಕಾಂತವನ್ನು ಸರಿಸುತ್ತ ಹೋಗಬೇಕು; ಅದು ಹಿಡಿಯದ ಜಾಗದಲ್ಲಿ ಉಕ್ಕಿನ ಬದಲು ಪುಟ್ಟಿ ಇದೆ. ಆಮೇಲೆ ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಅಂಗೈಯನ್ನು ಪೂರ್ತಿ ಒತ್ತಿ ನೋಡಬೇಕು, ಏಕೆಂದರೆ ಮೇಲ್ಪದರ ಒಣಗಿದ್ದರೂ ಅಡಿಯ ಸ್ಪಂಜು ವಾರಗಟ್ಟಲೆ ತೇವ ಹಿಡಿದಿಟ್ಟುಕೊಂಡಿರುತ್ತದೆ. ಮಾರುವವರ ಅನುಮತಿ ಕೇಳಿ ಸೀಟ್‌ಬೆಲ್ಟ್ ಕಂಬದ ಹಿಂದಿನ ತೂತಿಗೆ ನಿಧಾನವಾಗಿ ನೀರು ಸುರಿದು, ಅದು ಕೆಳಗೆ ಬೀಳುತ್ತದೆಯೇ ಎಂದು ಬಗ್ಗಿ ನೋಡಬೇಕು. ಇದಕ್ಕೆ ಒಪ್ಪದವರ ಕಾರನ್ನು ನಾನು ಕೊಳ್ಳುವುದಿಲ್ಲ. ಎನ್‌ಬಿಯಲ್ಲಿ ಇದರ ಜೊತೆಗೆ ಮುಂಭಾಗದ ಷಾಸಿ ದಂಡಗಳ ಅಡಿಭಾಗವನ್ನೂ ತಟ್ಟಿ ನೋಡಲೇಬೇಕು. ಪದರ ಪದರವಾದ ಆ ದಂಡಗಳೊಳಗೂ ನೀರು ನಿಂತು ತುಕ್ಕು ಹಿಡಿಯುತ್ತದೆ, ಅಲ್ಲಿನ ವೆಲ್ಡಿಂಗ್ ಕೆಲಸ ಸಿಲ್‌ಗಿಂತ ಕಷ್ಟದ್ದು.

ಡಿಕ್ಕಿಯನ್ನೂ ಮರೆಯಬಾರದು. ಎನ್‌ಎ, ಎನ್‌ಬಿ ಎರಡರಲ್ಲೂ ಬ್ಯಾಟರಿ ಇರುವುದು ಡಿಕ್ಕಿಯ ಬಲಮೂಲೆಯಲ್ಲಿ. ಕಂಪನಿಯೇ ಇಟ್ಟದ್ದು ಆಸಿಡ್ ಚೆಲ್ಲದ, ಗಾಳಿ ಕೊಳವೆ ಇರುವ ಬ್ಯಾಟರಿ. ಯಾರಾದರೂ ಖರ್ಚು ಉಳಿಸಲು ಸಾಮಾನ್ಯ ಬ್ಯಾಟರಿ ಇಟ್ಟಿದ್ದರೆ ಅದರ ಅಡಿಯ ತಗಡು ತಿಂದುಹೋಗಿರುತ್ತದೆ.

ಎಂಜಿನ್ ಮತ್ತು ಅದರ ಸುತ್ತ

ಎಂಜಿನ್ ಬಗ್ಗೆ ಭಯ ಕಡಿಮೆ ಇಟ್ಟುಕೊಳ್ಳಬಹುದು. ವಾಲ್ವ್‌ಗಳನ್ನು ಪಿಸ್ಟನ್ನುಗಳ ಲಯಕ್ಕೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ ಬದಲಿಸಬೇಕು. ಎನ್‌ಎ ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದರೆ ಕಾರು ನಿಲ್ಲುತ್ತದೆಯೇ ಹೊರತು ವಾಲ್ವ್‌ಗಳು ಪಿಸ್ಟನ್ನಿಗೆ ತಾಗಿ ಬಾಗುವುದಿಲ್ಲ. ವಾಟರ್ ಪಂಪ್ ತೆಗೆಯಲು ಹೇಗಿದ್ದರೂ ಇದೇ ಭಾಗಗಳನ್ನು ಬಿಚ್ಚಬೇಕಾದ್ದರಿಂದ ಎರಡನ್ನೂ ಒಟ್ಟಿಗೆ ಮಾಡಿಸುವುದೇ ಲಾಭ. ಬೆಲ್ಟ್ ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಲೆಕ್ಕ ಹಾಕಿ ಬೆಲೆ ಮಾತಾಡಬೇಕು.

ಒಂದು ದೋಷವನ್ನು ಮಾತ್ರ ಪ್ರತ್ಯೇಕವಾಗಿ ಕಲಿತಿರಬೇಕು. 1990 ಮತ್ತು 1991ರ ಆರಂಭದ 1.6 ಲೀಟರ್ ಎಂಜಿನ್ನುಗಳಲ್ಲಿ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಮೂತಿ, ಅಂದರೆ ಪುಲ್ಲಿ ಕೂರುವ ಮುಂತುದಿ, ಗಿಡ್ಡದಾಗಿದ್ದು, ಅಲ್ಲಿನ ಬೋಲ್ಟ್ ಸರಿಯಾಗಿ ಬಿಗಿಯಾಗಿರದಿದ್ದರೆ ಕೀಲಿ ಕೂರುವ ತೋಡು ಸವೆದು ಕ್ರ್ಯಾಂಕೇ ಹಾಳಾಗುತ್ತದೆ. ಬಾನೆಟ್ ತೆರೆದು ಎಂಜಿನ್ನಿನ ಮುಂಭಾಗದ ಕೆಳಗಿನ ಪುಲ್ಲಿಯ ಮೇಲೆ ಬೆಳಕು ಬಿಟ್ಟಾಗ ನಾಲ್ಕು ಸೀಳುಗಳು ಕಂಡರೆ ಅದು ಗಿಡ್ಡ ಮೂತಿಯದು, ಎಂಟು ಕಂಡರೆ ಸುಧಾರಿಸಿದ್ದು. ಗಿಡ್ಡ ಮೂತಿಯ ಎಂಜಿನ್ನುಗಳೆಲ್ಲ ಕೆಟ್ಟೇ ಕೆಡುತ್ತವೆಂದಲ್ಲ. ಎಷ್ಟೋ ಕಾರುಗಳು ಅದರೊಂದಿಗೇ ಚೆನ್ನಾಗಿ ಓಡುತ್ತಿವೆ. ಆದರೆ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ಪುಲ್ಲಿ ಓಲಾಡುತ್ತಿದ್ದರೆ ಅಲ್ಲಿಂದ ಹೊರಟುಬಿಡಬೇಕು.

ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನಿಂದ ಟಿಕ್ ಟಿಕ್ ಸದ್ದು ಬಂದರೆ ಎನ್‌ಎಯಲ್ಲಿ ಅದು ಬಹುತೇಕ ವಾಲ್ವ್‌ಗಳ ಮೇಲೆ ಕೂರುವ, ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಲಿಫ್ಟರ್‌ಗಳದ್ದು. ಸಕಾಲಕ್ಕೆ ಆಯಿಲ್ ಬದಲಿಸುತ್ತಿದ್ದರೆ ಎಷ್ಟೋ ಸಲ ತಗ್ಗುತ್ತದೆ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಕಪ್ಪು ಬಣ್ಣ ಕಳೆದುಕೊಂಡು ಕಂದಾಗಿದ್ದರೆ ಅದು ಬಿರುಕು ಬಿಡುವ ದಿನ ಹತ್ತಿರವಾಗಿದೆ. ಕ್ಲಚ್ ಪೆಡಲ್ ಮೆತ್ತಗಾಗಿ ಮೊದಲ ಗೇರ್ ಬೀಳಲು ತಕರಾರು ಮಾಡಿದರೆ ಗೇರ್‌ಬಾಕ್ಸಿನ ಬದಿಯಲ್ಲಿರುವ, ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ಸ್ವಲ್ಪ ಮಡಚಿ ನೋಡಬೇಕು. ಒಳಗೆ ದ್ರವ ಒಸರಿದ್ದರೆ ಅದನ್ನು ಬದಲಿಸುವುದು ಕಡಿಮೆ ಖರ್ಚಿನ ಕೆಲಸ, ಗೇರ್‌ಬಾಕ್ಸ್ ಕೆಟ್ಟಿತೆಂದು ಹೆದರಬೇಕಿಲ್ಲ. ಟೈರಿನ ಪಕ್ಕದ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಹೆಚ್ಚು ಓಡದ ಕಾರಿನಲ್ಲಿ ಟೈರು ಸವೆಯದೆಯೂ ಗಡುಸಾಗಿರುತ್ತದೆ.

ಕಾಗದಪತ್ರ

ಅಮೆರಿಕದಲ್ಲಿ ಟೈಟಲ್ ಎಂಬ ಮಾಲೀಕತ್ವದ ಪತ್ರದ ಮೇಲೆ ‘ಸಾಲ್ವೇಜ್’ (ಭಾರಿ ಹಾನಿಯಾಗಿ ಗುಜರಿಗೆ ಸಮವೆಂದು ಎಣಿಸಿದ್ದು) ಅಥವಾ ‘ರೀಬಿಲ್ಟ್’ (ಅಂಥದ್ದನ್ನು ರಿಪೇರಿ ಮಾಡಿದ್ದು) ಎಂಬ ಮುದ್ರೆ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಪ್ರತಿ ಕಾರಿನ ಗುರುತಾದ 17 ಅಕ್ಷರ-ಅಂಕಿಗಳ ವಿಐಎನ್ ಸಂಖ್ಯೆಯಲ್ಲಿ ಹತ್ತನೆಯದು ಮಾದರಿ ವರ್ಷವನ್ನು ಸೂಚಿಸುತ್ತದೆ; 1990ಕ್ಕೆ ಎಲ್, 1994ಕ್ಕೆ ಆರ್. ಇಂಗ್ಲೆಂಡಿನಲ್ಲಿರುವವರಿಗೆ ಇನ್ನೂ ಒಳ್ಳೆಯ ಅನುಕೂಲವಿದೆ: ನಂಬರ್ ಪ್ಲೇಟ್ ಸಂಖ್ಯೆ ಕೊಟ್ಟರೆ ಕಾರಿನ ಎಂಓಟಿ ಎಂಬ ವಾರ್ಷಿಕ ಸುರಕ್ಷತಾ ತಪಾಸಣೆಗಳ ಇತಿಹಾಸ ಸರ್ಕಾರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸಿಲ್‌ನ ತುಕ್ಕಿನ ಬಗ್ಗೆ ಹಿಂದಿನ ವರ್ಷಗಳಲ್ಲಿ ಸೂಚನೆ ಬರೆದಿದ್ದು ಈಗ ಇದ್ದಕ್ಕಿದ್ದಂತೆ ಮಾಯವಾಗಿದ್ದರೆ, ವೆಲ್ಡಿಂಗ್ ಮಾಡಿದವರು ಯಾರು, ಚಿತ್ರಗಳಿವೆಯೇ ಎಂದು ಕೇಳಬೇಕು. ಊರಿಗೆ ಮರಳುವಾಗ ಕಾರನ್ನೂ ಒಯ್ಯುವ ಆಸೆಯಿದ್ದವರು ಭಾರತದ ಆಮದು ನಿಯಮವನ್ನು ತಿಳಿದಿರಲಿ: ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ಅಮೆರಿಕದ ಹಳೆಯ ಮಿಯಾಟಾ ಎರಡರಲ್ಲೂ ಹೊರಗುಳಿಯುತ್ತದೆ.

ಕೊಂಡ ಮೇಲೆ

ಪುಟ್ಟ ಮಕ್ಕಳಿರುವ ಮನೆಗೆ ಇದು ಎರಡನೆಯ ಕಾರಾಗಿ ಮಾತ್ರ ಹೊಂದುತ್ತದೆ. ಹಿಂದಿನ ಸೀಟೇ ಇಲ್ಲ, ಪ್ರಯಾಣಿಕರ ಬದಿಗೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಹಿಮ್ಮುಖ ಶಿಶು ಆಸನವನ್ನು ಮುಂದೆ ಕೂರಿಸುವಂತಿಲ್ಲ. ಎತ್ತರದವರು ಟಾಪ್ ಮುಚ್ಚಿ ಕೂತು ನೋಡದೆ ಹಣ ಕೊಡಬಾರದು.

ಎನ್‌ಎಯ ಟಾಪ್ ಮಡಚುವ ಮೊದಲು ಹಿಂಬದಿಯ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ ಅದನ್ನು ಸಪಾಟಾಗಿ ಮಲಗಿಸಬೇಕು. ಚಳಿಯಲ್ಲಿ ಗಡುಸಾದ ಪ್ಲಾಸ್ಟಿಕ್ಕನ್ನು ಮಡಚಿದರೆ ಸೀಳುತ್ತದೆ. ಕಾರನ್ನು ಜಾಕಿನಿಂದ ಎತ್ತುವಾಗ ಗೇರ್‌ಬಾಕ್ಸನ್ನೂ ಡಿಫರೆನ್ಷಿಯಲ್ಲನ್ನೂ ಜೋಡಿಸುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟಿಗೆ ಎಂದೂ ಜಾಕ್ ಕೊಡಬಾರದು. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಊರುಗಳಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ನಾನು ಕಾರನ್ನು ಹೊರಗೆ ತೆಗೆಯುವುದೇ ಇಲ್ಲ.

ನೀರಿನ ತೂತುಗಳನ್ನು ವರ್ಷಕ್ಕೆ ಎರಡು ಸಲ, ಎಲೆ ಉದುರಿದ ಮೇಲೊಮ್ಮೆ ಮತ್ತು ವಸಂತದಲ್ಲೊಮ್ಮೆ, ಶುಚಿ ಮಾಡುತ್ತೇನೆ. ಕಂಪ್ರೆಸರ್ ಗಾಳಿ ಬಿಟ್ಟರೆ ಒಳಗಿನ ಕೊಳವೆ ಕಳಚಿಕೊಳ್ಳಬಹುದಾದ್ದರಿಂದ ಮೆತ್ತನೆಯ ಉದ್ದನೆಯ ನೈಲಾನ್ ಪಟ್ಟಿಯನ್ನೇ ಬಳಸುತ್ತೇನೆ. ಈ ಏಪ್ರಿಲ್‌ನಲ್ಲಿ ಎಡಬದಿಗೆ ಒಂದು ಲೋಟ ನೀರು ಹೊಯ್ದಾಗ ನಾಲ್ಕು ಎಣಿಸುವಷ್ಟರಲ್ಲಿ ಕೆಳಗೆ ಸುರಿಯಿತು. ಬಲಬದಿಯಲ್ಲಿ ಹನ್ನೊಂದು ಎಣಿಸಿದರೂ ಹನಿಹನಿಯಾಗಿ ಮಾತ್ರ ತೊಟ್ಟಿಕ್ಕಿತು. ಪಟ್ಟಿಯನ್ನು ಇಳಿಸಿ ಎರಡು ಸಲ ತಿರುಗಿಸಿ ಎಳೆದೆ. ತುದಿಗೆ ಅಂಟಿಕೊಂಡು ಮೇಪಲ್ ಮರದ ರೆಕ್ಕೆಬೀಜವೊಂದು, ಅದರ ಹಿಂದೆ ಬೆರಳ ತುದಿಯಷ್ಟು ಮಣ್ಣು ಬಂತು. ಮತ್ತೆ ಲೋಟ ತುಂಬಿಸಿ ಹೊಯ್ದು, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಎಣಿಸಿದೆ. ಐದಕ್ಕೆ ನೀರು ಬಿತ್ತು.