ಸಮಾಧಿ ಸಿಕ್ಕಿತು ಎಂದರೆ ಧರ್ಮ ಸಿಕ್ಕಿತೇ?

ಪರೀಕ್ಷೆಯಲ್ಲಿ ಧರ್ಮದ ಹುಟ್ಟು ಎಂದೊಡನೆ ಮಾನವಶಾಸ್ತ್ರಜ್ಞ ಟೈಲರ್‌ನ ಆತ್ಮವಾದ (ಆತ್ಮಗಳಲ್ಲಿನ ನಂಬಿಕೆಯೇ ಧರ್ಮದ ಮೂಲ), ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್‌ನ ಕುಲಲಾಂಛನ (ಕುಲದ ಗುರುತಾದ ಪ್ರಾಣಿ, ಗಿಡಗಳ ಪೂಜೆಯೇ ಮೂಲ) ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಇಬ್ಬರೂ ತಮ್ಮ ಕಾಲದ ಬುಡಕಟ್ಟುಗಳ ಬಗ್ಗೆ ಬೇರೆಯವರು ಬರೆದದ್ದನ್ನು ಓದಿ, ಹಿಂದಿನದನ್ನು ಊಹಿಸಿದವರು. ಬರಹವಿಲ್ಲದ ಕಾಲಕ್ಕೆ ನೇರ ಸಾಕ್ಷ್ಯ ಬೇಕಿದ್ದರೆ ಮಣ್ಣನ್ನೇ ಕೇಳಬೇಕು, ಮುಖ್ಯವಾಗಿ ಸಮಾಧಿಗಳನ್ನು.

ಕೇಳುವ ಕ್ರಮ ಹೀಗೆ: ಗುಂಡಿ ತೋಡಿದ್ದು ಮನುಷ್ಯರೇ? ಜೊತೆಗಿರುವ ವಸ್ತುವನ್ನು ಬೇಕೆಂದೇ ಇಟ್ಟರೇ? ಅದೇ ಪದ್ಧತಿ ಬೇರೆ ಸಮಾಧಿಗಳಲ್ಲೂ ಇದೆಯೇ? ಮೂರನೆಯದನ್ನು ಬಿಟ್ಟರೆ ಒಂಟಿ ಪ್ರಸಂಗವೇ ಆಚರಣೆಯಾಗಿ ಕಾಣತೊಡಗುತ್ತದೆ.

ಎಡವುವುದು ಎರಡನೆಯದರಲ್ಲಿ. ಇರಾಕಿನ ಶಾನಿದಾರ್ ಗುಹೆಯಲ್ಲಿ 1960ರಲ್ಲಿ ಪುರಾತತ್ವಜ್ಞ ರಾಲ್ಫ್ ಸೊಲೆಕಿ ತಂಡಕ್ಕೆ ಸಿಕ್ಕ ನಿಯಾಂಡರ್ತಾಲ್ (ಅಳಿದುಹೋದ ಮಾನವಜಾತಿ) ಅಸ್ಥಿಪಂಜರ (ಶಾನಿದಾರ್ 4) ನೋಡಿ. ಸುತ್ತಲ ಮಣ್ಣಿನಲ್ಲಿ ಹೂವಿನ ಪರಾಗ ಗುಂಪುಗುಂಪಾಗಿತ್ತು. ಹೂ ಹಾಸಿ ಹೂತರು ಎಂಬ ಮಾತು ಲೋಕಪ್ರಸಿದ್ಧವಾಯಿತು. ಆದರೆ ಆ ಗುಹೆಯ ನೆಲದಲ್ಲಿ ಬಿಲ ತೋಡುವ ಇಲಿಜಾತಿಯ ಪ್ರಾಣಿಗಳಿವೆ, ಅವು ಹೂ ಕೂಡಿಡುತ್ತವೆ. ನೆಲದಲ್ಲಿ ಗೂಡು ಮಾಡುವ ಜೇನ್ನೊಣಗಳೂ ಪರಾಗ ತುಂಬುತ್ತವೆ. ಹೂತದ್ದು ನಿಜವಿದ್ದರೂ ಹೂ ಇಟ್ಟದ್ದು ನಿಜವಾಗಬೇಕಿಲ್ಲ. ಹಳೆಯ ಪರೀಕ್ಷಾ ಗೈಡುಗಳಲ್ಲಿ ಈ ಹೂವು ಇನ್ನೂ ಬಾಡಿಲ್ಲ, ಎಚ್ಚರ.

ಇಸ್ರೇಲಿನ ಕಫ್ಜೆ ಗುಹೆಯದು ಇದಕ್ಕಿಂತ ಗಟ್ಟಿ: 90 ಸಾವಿರ ವರ್ಷಕ್ಕೂ ಹಿಂದೆ ಹೂತ ಹನ್ನೆರಡು-ಹದಿಮೂರು ವರ್ಷದ ಮಗುವಿನ ಮೈಮೇಲೆ ಜಿಂಕೆಯ ಕೊಂಬು. ರಷ್ಯಾದ ಸುಂಗೀರ್‌ನಲ್ಲಿ ಸುಮಾರು 34 ಸಾವಿರ ವರ್ಷ ಹಿಂದೆ ಇಬ್ಬರು ಮಕ್ಕಳನ್ನು ತಲೆಗೆ ತಲೆ ತಾಗುವಂತೆ ಮಲಗಿಸಿ, ಕೆಮ್ಮಣ್ಣು ಚೆಲ್ಲಿ, ಸಾವಿರಾರು ದಂತದ ಮಣಿಗಳೊಂದಿಗೆ ಹೂತಿದ್ದರು. ಪರಲೋಕದ ನಂಬಿಕೆ ಎನ್ನುವ ಮೊದಲು ಇನ್ನೊಂದು ಸಾಧ್ಯತೆ: ಮನೆತನದ ಅಂತಸ್ತು. ಎರಡೂ ಒಟ್ಟಿಗೆ ಇದ್ದಿರಬಹುದು. ಮಣಿ ಎಣಿಸಿ ಬೇರ್ಪಡಿಸಲಾಗದು.

ಸಮಾಧಿಯಾಚೆಗೂ ಇದೇ ಎಚ್ಚರ ಬೇಕು. ಟರ್ಕಿಯ ಗೊಬೆಕ್ಲಿ ತೆಪೆಯ (ಕ್ರಿ.ಪೂ. ಸು. 9500) 5 ಮೀಟರ್ ಮೀರಿದ ಕಲ್ಲುಕಂಬಗಳನ್ನು ಬೇಸಾಯಕ್ಕೆ ಮೊದಲಿನ ದೇವಾಲಯ ಎಂದಷ್ಟೇ ಬರೆದರೆ ಅರ್ಧ ಉತ್ತರ. ಅಲ್ಲಿ ಮನೆಗಳ ಕುರುಹು, ಧಾನ್ಯ ಅರೆಯುವ ಕಲ್ಲುಗಳೂ ಸಿಕ್ಕಿವೆ.

ನಮ್ಮಲ್ಲಿ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಈ ಎರಡು ಕಡೆಯ ಕಲ್ಲುಚಪ್ಪಡಿ ಸಮಾಧಿಗಳು ಮೂರನೆಯ ಪ್ರಶ್ನೆಗೆ ಚೆನ್ನಾಗಿ ಒದಗುತ್ತವೆ. ನಿಲ್ಲಿಸಿದ ಚಪ್ಪಡಿಗಳಲ್ಲೊಂದಕ್ಕೆ ದುಂಡನೆಯ ಕಿಂಡಿ ಕೊರೆಯುವ ಪದ್ಧತಿ ಎರಡೂ ಕಡೆ ಇದೆ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದ ಪುರಾತತ್ವಜ್ಞ ವೀಲರ್‌ಗೆ ಕಂಡದ್ದು ಇಡೀ ಶವವಲ್ಲ, ಆಯ್ದು ತಂದಿಟ್ಟ ಮೂಳೆಗಳು. ಜೊತೆಗೆ ಮಡಕೆ, ಕಬ್ಬಿಣದ ಆಯುಧ. ಅಂದರೆ ಶವವನ್ನು ಮೊದಲು ಬೇರೆಡೆ ಬಯಲಲ್ಲಿ ಬಿಟ್ಟು, ಆಮೇಲೆ ಮೂಳೆ ತಂದಿಡುವ ಎರಡು ಹಂತದ ಸಂಸ್ಕಾರ ಎಂದು ಅವರು ಓದಿಕೊಂಡರು.