ರಸವಿದ್ಯೆ: ಕುಲುಮೆ ಮತ್ತು ಪ್ರಾರ್ಥನೆ ಒಂದೇ ಕೋಣೆಯಲ್ಲಿ

ರಸವಿದ್ಯೆ ಅಂದ ಕೂಡಲೇ ನೆನಪಾಗುವುದು ಸೀಸವನ್ನು ಚಿನ್ನ ಮಾಡುವ ಹುಚ್ಚು. ಸ್ವಲ್ಪ ಓದಿಕೊಂಡವರು ಇನ್ನೊಂದು ತುದಿಗೆ ಹೋಗುತ್ತಾರೆ: ಚಿನ್ನ ಅನ್ನೋದು ಸುಮ್ನೆ ಸಂಕೇತ, ನಿಜವಾದ ಕೆಲಸ ಆತ್ಮದ್ದು. ನನ್ನ ಟಿಪ್ಪಣಿಯಲ್ಲೂ ಮೊದಲು ಈ ಸಾಲೇ ಇತ್ತು. ಈಗ ಹೊಡೆದುಹಾಕಿದ್ದೇನೆ. ಹಳಬರ ಪಾಲಿಗೆ ಇವು ಎರಡು ಬೇರೆ ಕೆಲಸ ಆಗಿರಲಿಲ್ಲ.

ಜೋಸಿಮೋಸ್‌ನಿಂದ ಶುರು ಮಾಡಿದರೆ ಇದು ಬೇಗ ಹಿಡಿಗೆ ಸಿಗುತ್ತದೆ. ಸುಮಾರು ಕ್ರಿ.ಶ. 300ರ ಹೊತ್ತಿನವನು, ಈಜಿಪ್ಟಿನ ಪನೋಪೊಲಿಸ್ ಊರಿನವನು, ಬರೆದದ್ದು ಗ್ರೀಕ್‌ನಲ್ಲಿ. ಭಟ್ಟಿ ಇಳಿಸುವ ಪಾತ್ರೆ, ಕೊಳವೆಗಳ ಬಗ್ಗೆ ವಿವರವಾಗಿ ಹೇಳುವ ಕಸುಬುದಾರ. ಅವನೇ ಒಂದು ಕನಸನ್ನೂ ಬರೆದಿಟ್ಟಿದ್ದಾನೆ. 15 ಮೆಟ್ಟಿಲು, ಮೇಲೆ ಬಟ್ಟಲಿನಂಥ ಬಲಿಪೀಠ, ಅಲ್ಲೊಬ್ಬ ಪುರೋಹಿತ. ತನ್ನನ್ನು ಕತ್ತಿಯಿಂದ ಸೀಳಿದರು, ಚರ್ಮ ಸುಲಿದರು, ಬೆಂಕಿಗೆ ಹಾಕಿದರು, ಕೊನೆಗೆ ದೇಹ ಬದಲಾಗಿ ತಾನು ಚೈತನ್ಯವಾದೆ ಎನ್ನುತ್ತಾನೆ ಆ ಪುರೋಹಿತ. ಭಯಂಕರ, ಅಲ್ವಾ? ಆದರೆ ಆ ಬಟ್ಟಲನ್ನು ಗಮನಿಸಿ. ಅದು ಪ್ರಯೋಗದ ಪಾತ್ರೆಯನ್ನೇ ನೆನಪಿಸುತ್ತದೆ. ಎದ್ದ ಮೇಲೆ ಜೋಸಿಮೋಸ್ ಯೋಚಿಸುವುದೂ ತನ್ನ ಕೆಲಸದ 'ನೀರು'ಗಳ ಬಗ್ಗೆಯೇ. ಲೋಹ ಸಾಯಬೇಕು, ಆಮೇಲೆ ಎದ್ದು ಬರಬೇಕು. ಮನುಷ್ಯನ ದಾರಿಯೂ ಅದೇ.

ಅರಬ್ಬಿಯ ಮೂಲಕ 12ನೇ ಶತಮಾನದಲ್ಲಿ ಈ ವಿದ್ಯೆ ಲ್ಯಾಟಿನ್‌ಗೆ ಹೋಯಿತು. ಪಾತ್ರೆಯಲ್ಲಿನ ಪದಾರ್ಥ ಮೊದಲು ಕಪ್ಪಾಗಿ, ಬೆಳ್ಳಗಾಗಿ, ಕೆಂಪಾಗುವುದರಲ್ಲಿ ಕ್ರೈಸ್ತರು ಸಾವು ಮತ್ತು ಪುನರುತ್ಥಾನವನ್ನು ಕಂಡರು. ಚರ್ಚಿಗೆ ಇದು ಇಷ್ಟವಿತ್ತಾ? ಒಂದೇ ಉತ್ತರ ಇಲ್ಲ. 1317ರಲ್ಲಿ ಪೋಪ್ 22ನೇ ಜಾನ್ ನಕಲಿ ಚಿನ್ನ ಮಾಡುವವರ ವಿರುದ್ಧ ಆಜ್ಞೆ ಹೊರಡಿಸಿದರು. ಚರ್ಚಿನ ಸುಧಾರಕ ಮಾರ್ಟಿನ್ ಲೂಥರ್ ಮಾತ್ರ ಸತ್ತವರು ಮತ್ತೆ ಏಳುವುದಕ್ಕೆ ಒಳ್ಳೆಯ ಹೋಲಿಕೆ ಎಂದು ಇದನ್ನು ಮೆಚ್ಚಿಕೊಂಡರು. ನನಗೆ ಹೆಚ್ಚು ಇಷ್ಟವಾದದ್ದು ಜರ್ಮನಿಯ ರಸವಾದಿ ಹೈನ್‌ರಿಖ್ ಕೂನ್‌ರಾತ್ 1595ರಲ್ಲಿ ಪ್ರಕಟಿಸಿದ ಚಿತ್ರ. ಕೋಣೆಯ ಒಂದು ಬದಿಯಲ್ಲಿ ಮಂಡಿಯೂರಿ ಪ್ರಾರ್ಥಿಸುವ ಮನುಷ್ಯ, ಇನ್ನೊಂದು ಬದಿಯಲ್ಲಿ ಕುಲುಮೆ. ನಡುವೆ ಗೋಡೆ ಇಲ್ಲ.

ಇಲ್ಲೊಂದು ಎಚ್ಚರಿಕೆ. ಇದೆಲ್ಲಾ ಮನಸ್ಸಿನ ಆಟ ಎಂಬ ಓದು ಬಹಳ ತಡವಾಗಿ ಬಂದದ್ದು. 19ನೇ ಶತಮಾನದ ನಡುವಿನಲ್ಲಿ ಅದರ ಆರಂಭ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1944ರ ಪುಸ್ತಕದಿಂದ ಅದನ್ನು ಮನೆಮಾತು ಮಾಡಿದರು. ಚೆಂದದ ಓದೇ, ಆದರೆ ಅದನ್ನು ಜೋಸಿಮೋಸ್‌ನ ತಲೆಗೆ ಕಟ್ಟಬೇಡಿ.

ಭಾರತದ ರಸಶಾಸ್ತ್ರದಲ್ಲಿ ದೇವರು ಇನ್ನೂ ಹತ್ತಿರ. ಪಾದರಸ ಶಿವನ ವೀರ್ಯ, ಅಭ್ರಕ ಪಾರ್ವತಿಯದು. ಎರಡನ್ನೂ ಅರೆಯುವುದು ಅವರಿಬ್ಬರ ಕೂಟ. 'ಪಾರದ' ಎಂಬ ಹೆಸರನ್ನೇ ಸಂಸಾರದ ಆಚೆ ದಡ ಮುಟ್ಟಿಸುವುದು ಎಂದು ಬಿಡಿಸುತ್ತಾರೆ. ಪಾದರಸಕ್ಕೆ 18 ಸಂಸ್ಕಾರಗಳು. ಬೇಯಿಸುವುದು, ಅರೆಯುವುದು, ಮೂರ್ಛೆ ಹೋಗಿಸುವುದು... ಸಂಸ್ಕಾರ ಅನ್ನೋ ಪದ ನೋಡಿ, ಮನುಷ್ಯರಿಗೆ ಬಳಸುವುದೇ. ಹೀಗೆ ಸಿದ್ಧವಾದ ಪಾದರಸ ಲೋಹವನ್ನು ಚಿನ್ನ ಮಾಡುತ್ತದೆಯೇ ಎಂದು ಮೊದಲು ಪರೀಕ್ಷೆ, ಗೆದ್ದರೆ ಆಮೇಲೆ ದೇಹದ ಮೇಲೆ. ಅಂದರೆ ಚಿನ್ನ ಬರೀ ಪರೀಕ್ಷೆಯ ಫಲಿತಾಂಶ. ಗುರಿ ಸಾಯದ ದೇಹ, ಬದುಕಿದ್ದಾಗಲೇ ಮುಕ್ತಿ. 14ನೇ ಶತಮಾನದಲ್ಲಿ ದರ್ಶನಗಳನ್ನು ಪಟ್ಟಿ ಮಾಡಿದ ಮಾಧವ, ಪಾದರಸವನ್ನೇ ಮುಕ್ತಿಯ ದಾರಿ ಎನ್ನುವ ರಸೇಶ್ವರ ದರ್ಶನಕ್ಕೂ ಒಂದು ಅಧ್ಯಾಯ ಕೊಟ್ಟರು.

ಹಠಯೋಗದವರು ಒಂದು ಮಾತು ಹೇಳುತ್ತಾರೆ: ಮೂರ್ಛೆ ಹೋದರೆ ರೋಗ ಕಳೆಯುತ್ತದೆ, ಸತ್ತರೆ ಬದುಕಿಸುತ್ತದೆ, ಕಟ್ಟಿಹಾಕಿದರೆ ಆಕಾಶದಲ್ಲಿ ಹಾರಿಸುತ್ತದೆ. ಯಾವುದು? ಪಾದರಸವೂ ಹೌದು, ಉಸಿರೂ ಹೌದು. ಇಲ್ಲಿ ಕುಲುಮೆ ಮೈಯೊಳಗೆ ಬಂತು. ಚೀನಾದಲ್ಲೂ ಇಂಥದ್ದೇ ತಿರುವು. ಪಾದರಸದ ಗುಳಿಗೆ ತಿಂದು ಟಾಂಗ್ ವಂಶದ ದೊರೆಗಳೇ ಸತ್ತರು. ಹೊಟ್ಟೆಯನ್ನೇ ಒಲೆ ಮಾಡಿಕೊಂಡು ಉಸಿರನ್ನು ಪಕ್ವ ಮಾಡುವ 'ಒಳಗಿನ ರಸವಿದ್ಯೆ' ಆಮೇಲೆ ಮೇಲುಗೈ ಪಡೆಯಿತು.

ಸಾಯದ ದೇಹ ಸಿಕ್ಕರೆ ಸಾಕಾ? ಈ ಪ್ರಶ್ನೆ ಅಲ್ಲಮಪ್ರಭುವಿನ ಕಥೆಯಲ್ಲಿದೆ. ಸಿದ್ಧ ಗೋರಕ್ಷನದು ವಜ್ರದ ಮೈ. ಅಲ್ಲಮ ಕತ್ತಿ ಬೀಸಿದಾಗ ಖಣಿಲ್ ಎಂದಿತು, ಒಂದು ಗೆರೆಯೂ ಬೀಳಲಿಲ್ಲ. ಅದೇ ಕತ್ತಿಯನ್ನು ಗೋರಕ್ಷ ಅಲ್ಲಮನ ಮೇಲೆ ಬೀಸಿದ. ಬಯಲಲ್ಲಿ ಬೀಸಿದ ಹಾಗೆ ಅದು ಆಚೆ ಹೋಯಿತು, ಏನಕ್ಕೂ ತಾಗಲೇ ಇಲ್ಲ.