ಬೆಟ್ಟಕ್ಕೆ ಮೊದಲು ಬೆಳಕು, ಬುಡಕ್ಕೆ ಆಮೇಲೆ

ಕ್ಯಾಲಿಫೋರ್ನಿಯಾದ ಬಂಡೆಗುಡ್ಡಗಳಾದ ಅಲಬಾಮಾ ಹಿಲ್ಸ್‌ಗೆ ಫೋಟೊಗ್ರಫಿ ಕಾರ್ಯಾಗಾರಕ್ಕೆ ಬಂದವರಲ್ಲಿ ಹಲವರು ಮೊದಲ ದಿನವೇ ಏಮಾರುತ್ತಾರೆ. ಎದುರಿಗೆ ದೊಡ್ಡದಾಗಿ ಕಾಣುವ ಶಿಖರವೇ ಮೌಂಟ್ ವಿಟ್ನಿ ಅಂದುಕೊಂಡು ಕ್ಯಾಮೆರಾದ ಕಾರ್ಡ್ ತುಂಬಿಸಿಬಿಡುತ್ತಾರೆ. ಅದು ಲೋನ್ ಪೈನ್ ಪೀಕ್. ವಿಟ್ನಿ ಅದರ ಬಲಕ್ಕೆ, ಹಿಂದೆ ಸರಿದು ನಿಂತಿದೆ. 4,421 ಮೀಟರ್ ಎತ್ತರವಿದ್ದರೂ ದೂರದಲ್ಲಿರುವ ಕಾರಣ ಕುಳ್ಳಗೆ ಕಾಣುತ್ತದೆ. ವೈಡ್ ಲೆನ್ಸ್ ಹಾಕಿದರಂತೂ ಇನ್ನೂ ಕುಗ್ಗುತ್ತದೆ. ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಲೆನ್ಸ್ ತೆಗೆದುಕೊಳ್ಳಿ, ಮುಂದಿನ ಬಂಡೆಗಳಿಂದ ಸಾಕಷ್ಟು ಹಿಂದಕ್ಕೆ ನಡೆಯಿರಿ. ಆಗ ಬೆಟ್ಟ ಬಂಡೆಗಳ ಬೆನ್ನಿಗೇ ಬಂದು ನಿಲ್ಲುತ್ತದೆ.

ಆದರೆ ಇಲ್ಲಿ ನಿಜವಾಗಿ ಕಾಡುವುದು ಬೆಳಕು.

ಸಿಯೆರ‍್ರಾ ನೆವಾಡಾ ಬೆಟ್ಟಸಾಲಿನ ಈ ಕಡಿದಾದ ಮುಖ ಪೂರ್ವಕ್ಕಿದೆ. ಕಣಿವೆಯ ಆಚೆ, ಪೂರ್ವದಲ್ಲಿ, ಇನ್ಯೊ ಬೆಟ್ಟಗಳಿವೆ. ಸೂರ್ಯ ಅವುಗಳ ಹಿಂದಿನಿಂದ ಏಳಬೇಕು. ಹಾಗಾಗಿ ಮೊದಲ ಬಿಸಿಲು ಬೀಳುವುದು ಶಿಖರದ ತುದಿಗೆ. ಅಲ್ಲಿಂದ ಅದು ಮೆಲ್ಲಗೆ ಇಳಿಯುತ್ತದೆ. ನಾವು ನಿಂತಿರುವ ಬಂಡೆಗಳಿಗೆ ಬಿಸಿಲು ಮುಟ್ಟುವ ಹೊತ್ತಿಗೆ ಮೇಲಿನ ಕೆಂಪು ಮಾಯವಾಗಿ ಬರೀ ಬಿಳುಪು ಉಳಿದಿರುತ್ತದೆ. ಎರಡೂ ಒಟ್ಟಿಗೆ ಸಿಗಲ್ಲ. ಕಲಿಯಲು ಬಂದವರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ಗ್ರಾಜುಯೇಟೆಡ್ ಫಿಲ್ಟರ್ (ಮೇಲರ್ಧ ಕಪ್ಪಾಗಿ, ಕೆಳಗರ್ಧ ತಿಳಿಯಾಗಿರುವ ಗಾಜು) ಇದೆಯಲ್ಲ ಅಂತ ಕೇಳುತ್ತಾರೆ. ಬೆಟ್ಟದ ಅಂಚು ಗರಗಸದ ಹಾಗಿದೆ, ಫಿಲ್ಟರಿನ ಗೆರೆ ನೆಟ್ಟಗಿದೆ. ಎಲ್ಲೋ ಒಂದು ಬಂಡೆಯ ತಲೆ ಕಪ್ಪಾಗಿಯೇ ಆಗುತ್ತದೆ. ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ಮೂರು ಫ್ರೇಮ್ ತೆಗೆದು ಆಮೇಲೆ ಸೇರಿಸಬಹುದು. ಆದರೆ ನೆರಳನ್ನು ಪೂರ್ತಿ ಬೆಳಗಿಸಿದರೆ ಚಿತ್ರ ಸುಳ್ಳು ಹೇಳುತ್ತದೆ. ನೆರಳಿನಲ್ಲಿದ್ದದ್ದು ನೆರಳಿನಲ್ಲೇ ಇರಲಿ ಬಿಡಿ ಅನ್ನುವುದು ನನ್ನ ವಾದ.

ಇದಕ್ಕೆ ನಾನು ತೋರಿಸುವ ಚಿತ್ರ ಅಮೆರಿಕದ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1944ರಲ್ಲಿ ಪಕ್ಕದ ಊರಾದ ಲೋನ್ ಪೈನ್‌ನಿಂದ ತೆಗೆದದ್ದು. ಮೇಲೆ ಹೊಳೆಯುವ ಹಿಮದ ಶಿಖರಗಳು, ಕೆಳಗೆ ಬಿಸಿಲು ಬಿದ್ದ ಹುಲ್ಲುಗಾವಲು, ಮೇಯುತ್ತಿರುವ ಒಂದು ಕುದುರೆ. ನಡುವೆ ಇದೇ ಗುಡ್ಡಗಳು, ಹೆಚ್ಚುಕಡಿಮೆ ಕಪ್ಪಗೆ. ಆ ಕಪ್ಪು ಇಲ್ಲದಿದ್ದರೆ ಚಿತ್ರ ನಿಲ್ಲುತ್ತಲೇ ಇರಲಿಲ್ಲ. (ಗುಡ್ಡದ ಮೇಲೆ ಶಾಲೆಯ ಹುಡುಗರು ಬಿಳಿ ಬಣ್ಣದಲ್ಲಿ ಬರೆದಿದ್ದ ಎರಡು ಅಕ್ಷರಗಳನ್ನು ಅವರು ಅಳಿಸಿಹಾಕಿದ್ದರು. ಎಡಿಟಿಂಗ್ ತಪ್ಪಾ ಅಂತ ಕೇಳುವವರಿಗೆ ಅದನ್ನೂ ಹೇಳುತ್ತೇನೆ.)

ಬಂಡೆಯೂ ಬೇಕು, ಬೆಟ್ಟವೂ ಬೇಕು ಅನ್ನುವವರಿಗೆ ಒಂದು ದಾರಿಯಿದೆ. ಸೂರ್ಯ ಏಳುವ ಮುಂಚೆಯೇ ತೆಗೆಯಿರಿ. ಆಗ ಬೆಟ್ಟಕ್ಕೂ ಬುಡಕ್ಕೂ ಬೀಳುವ ಬೆಳಕು ಒಂದೇ, ಆಕಾಶದ್ದು. ಪಶ್ಚಿಮದ ಆಕಾಶದಲ್ಲಿ ಗುಲಾಬಿ ಪಟ್ಟಿಯೊಂದು ಮೂಡುತ್ತದೆ, ಅದರ ಕೆಳಗೆ ನೀಲಿ ಮಿಶ್ರಿತ ಬೂದು. ಅದು ಮೋಡವಲ್ಲ, ಭೂಮಿಯದ್ದೇ ನೆರಳು. ಸೂರ್ಯ ಮೇಲೇರಿದಂತೆ ಆ ನೆರಳು ಬೆಟ್ಟದ ಹಿಂದೆ ಮುಳುಗುತ್ತದೆ. ಹೊತ್ತು ಹುಟ್ಟುವಾಗ ಕಾರಿನಿಂದ ಇಳಿದರೆ ಇದೆಲ್ಲ ಮುಗಿದಿರುತ್ತದೆ. ಕತ್ತಲಲ್ಲೇ ಟ್ರೈಪಾಡ್ ನೆಟ್ಟಿರಬೇಕು. ಮರುಭೂಮಿಯ ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.

ಮೋಬಿಯಸ್ ಆರ್ಚ್ ಎಂಬ ಕಲ್ಲಿನ ಕಮಾನಿನೊಳಗಿಂದ ವಿಟ್ನಿ ಕಾಣುತ್ತದೆ. ಎಲ್ಲರಿಗೂ ಆ ಚಿತ್ರ ಬೇಕು, ಅಲ್ಲಿ ನಿಲ್ಲುವ ಜಾಗ ಮಾತ್ರ ಅಂಗೈಯಷ್ಟು. ಒಂದು ಬೆಳಗ್ಗೆ ಅಲ್ಲಿಗೆ ಕೊಡಿ, ಸಾಕು. ಉಳಿದ ದಿನ ಕಮಾನಿಗೆ ಬೆನ್ನು ಹಾಕಿ ಬೇರೆ ಬಂಡೆ ಹುಡುಕಿ.

ಸಂಜೆ ಎಲ್ಲ ತಿರುವುಮುರುವು. ಸೂರ್ಯ ಸಿಯೆರ‍್ರಾದ ಹಿಂದೆ ಬೇಗ ಇಳಿದು ಗುಡ್ಡಗಳಿಗೆ ನೆರಳು ಕವಿಯುತ್ತದೆ. ಇನ್ನೇನಿಲ್ಲ ಅಂತ ಬ್ಯಾಗ್ ಕಟ್ಟುವವರನ್ನು ಭುಜ ಹಿಡಿದು ಪೂರ್ವಕ್ಕೆ ತಿರುಗಿಸುತ್ತೇನೆ. ಅಲ್ಲಿ ಇನ್ಯೊ ಬೆಟ್ಟಗಳು ಆಗಷ್ಟೇ ಕೆಂಪಾಗುತ್ತಿರುತ್ತವೆ.